ಹಸಿರು ಚುಕ್ಕೆಯಷ್ಟೇ ಸಾಲದು



ಕಳೆದ ತಪಸ್ಸು ಕಾಲದ ಒಂದು ಶುಕ್ರವಾರ ಸಂಜೆ, ಗಂಗಾವತಿ ತಾಲ್ಲೂಕಿನ ಮರಳಿ ಹೋಬಳಿಯ ಕಡೆ ಒಂದು ಕುಟುಂಬದ ಭೇಟಿಗೆ ಹೋಗಿದ್ದೆ. ಮನೆಯ ಯಜಮಾನನಿಗೆ ಇನ್ನೂ 38 ವರ್ಷ. ಅವನಿಗೆ ಸಕ್ಕರೆ ಕಾಯಿಲೆ ಇರುವುದು ಹದಿನೈದು ದಿನಗಳ ಹಿಂದಷ್ಟೇ ಗೊತ್ತಾಗಿತ್ತು. ಪ್ರಾರ್ಥನೆ ಮುಗಿದ ಮೇಲೆ ಮನೆಯಾಕೆ ಚಹಾ ತಂದಿಟ್ಟರು. ಜೊತೆಗೆ ಒಂದು ತಟ್ಟೆಯಲ್ಲಿ ಕ್ರೀಮ್ ಬಿಸ್ಕತ್ತು, ಇನ್ನೊಂದರಲ್ಲಿ ಪೊಟ್ಟಣದ ಖಾರದ ಕಡ್ಡಿ. "ಇವತ್ತ ಶುಕ್ರವಾರ ಅಲ್ರಿ ಫಾದರ್, ಮನ್ಯಾಗ ಮಾಂಸದ್ದೇನೂ ಮಾಡಿಲ್ಲ. ಇದೆಲ್ಲಾ ಶಾಖಾಹಾರನ ಐತ್ರಿ" ಎಂದರು. ಪೊಟ್ಟಣದ ಮೇಲಿದ್ದ ಹಸಿರು ಚುಕ್ಕೆಯನ್ನೂ ತೋರಿಸಿದರು.

ಆ ತಾಯಿಯ ಮಾತಿನಲ್ಲಿ ತಪ್ಪಿಲ್ಲ. ಧರ್ಮಸಭೆಯ ನಿಯಮವನ್ನು ಅವರು ಶ್ರದ್ಧೆಯಿಂದ ಪಾಲಿಸಿದ್ದರು. ನನ್ನ ರಕ್ತದಲ್ಲೂ ಸಕ್ಕರೆಯ ಅಂಶ ಗಡಿ ಮುಟ್ಟಿದೆ ಎಂದು ವೈದ್ಯರು ಎಚ್ಚರಿಸಿದ್ದರು. ಆದರೂ ನಾನು ನಾಲ್ಕು ಬಿಸ್ಕತ್ತು ತಿಂದೆ. ಮನೆ ಭೇಟಿಯಲ್ಲಿ ಬೇಡ ಎನ್ನುವುದು ಕಷ್ಟ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಆದರೆ ಹಿಂದಿರುಗುವಾಗ ಒಂದು ಪ್ರಶ್ನೆ ಕಾಡತೊಡಗಿತು. ಮಾಂಸ ಬಿಟ್ಟ ನಾವು ಅದರ ಜಾಗದಲ್ಲಿ ಏನನ್ನು ಇಟ್ಟುಕೊಂಡಿದ್ದೇವೆ? ಈ ವಾರ ಅದನ್ನೇ ನಿಮ್ಮೊಂದಿಗೆ ವಿಚಾರ ಮಾಡಬೇಕೆಂದಿದ್ದೇನೆ.

ಚುಕ್ಕೆ ಹೇಳುವುದೇನು, ಹೇಳದಿರುವುದೇನು?

ಹಸಿರು ಚುಕ್ಕೆ ಹೇಳುವುದು ಒಂದೇ ಮಾತು: ಈ ಪದಾರ್ಥದಲ್ಲಿ ಮಾಂಸ, ಮೀನು, ಮೊಟ್ಟೆ ಇಲ್ಲ. ಅದು ಆರೋಗ್ಯಕ್ಕೆ ಒಳ್ಳೆಯದು ಎಂದು ಆ ಚುಕ್ಕೆ ಹೇಳುವುದಿಲ್ಲ. ಮೈದಾ, ಸಕ್ಕರೆ, ಎಣ್ಣೆ, ಉಪ್ಪು ಇವೆಲ್ಲವೂ ಸಸ್ಯಾಹಾರವೇ.

ಬ್ರೆಜಿಲ್ ದೇಶದ ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂತೇರೊ ಎಂಬ ವಿದ್ವಾಂಸರು 2009ರಲ್ಲಿ ಆಹಾರವನ್ನು ನೋಡುವ ಹೊಸ ರೀತಿಯೊಂದನ್ನು ಮುಂದಿಟ್ಟರು. ಆಹಾರದಲ್ಲಿ ಏನಿದೆ ಎನ್ನುವುದರ ಜೊತೆಗೆ, ಅದಕ್ಕೆ ಕಾರ್ಖಾನೆಯಲ್ಲಿ ಏನೇನು ಮಾಡಲಾಗಿದೆ ಎಂದೂ ಕೇಳಬೇಕು ಎಂಬುದು ಅವರ ವಾದ. ಅವರ ವಿಂಗಡಣೆಯಲ್ಲಿ ಜೋಳ, ಬೇಳೆ, ಕಾಯಿಪಲ್ಯ, ಹಾಲು ಒಂದು ಕಡೆ. ಬಣ್ಣ, ಪರಿಮಳ, ಬಗೆಬಗೆಯ ರಾಸಾಯನಿಕ ಸೇರಿಸಿ ತಯಾರಿಸಿದ ತಿಂಡಿ ಮತ್ತು ತಂಪು ಪಾನೀಯಗಳು ಇನ್ನೊಂದು ತುದಿ.

2019ರಲ್ಲಿ ಅಮೆರಿಕದಲ್ಲಿ ಕೆವಿನ್ ಹಾಲ್ ಮತ್ತು ಅವರ ಸಂಗಡಿಗರು ಇದನ್ನು ಪರೀಕ್ಷೆ ಮಾಡಿ ನೋಡಿದರು. 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು, ಎರಡು ವಾರ ಕಾರ್ಖಾನೆಯ ಆಹಾರ, ಎರಡು ವಾರ ಸಹಜ ಆಹಾರ ಕೊಟ್ಟರು. ಬಡಿಸಿದ ಊಟದಲ್ಲಿ ಸಕ್ಕರೆ, ಕೊಬ್ಬು, ನಾರು, ಉಪ್ಪು ಎರಡೂ ಕಡೆ ಸರಿಸಮ ಇರುವಂತೆ ನೋಡಿಕೊಂಡರು. ಎಷ್ಟು ಬೇಕೋ ಅಷ್ಟು ತಿನ್ನಿರಿ ಎಂದರು. ಕಾರ್ಖಾನೆಯ ಆಹಾರ ಕೊಟ್ಟಾಗ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಎರಡೇ ವಾರದಲ್ಲಿ ಸುಮಾರು 900 ಗ್ರಾಂ ತೂಕ ಏರಿತು. ಸಹಜ ಆಹಾರಕ್ಕೆ ಬಂದಾಗ ಅಷ್ಟೇ ತೂಕ ಇಳಿಯಿತು. ಅಂದರೆ, "ನನಗೆ ಮನಸ್ಸು ಗಟ್ಟಿ ಇಲ್ಲ ಫಾದರ್" ಎಂದು ಹಲವರು ನೊಂದುಕೊಳ್ಳುತ್ತಾರಲ್ಲ, ಅದರಲ್ಲಿ ಮನಸ್ಸಿನ ತಪ್ಪು ಸ್ವಲ್ಪ, ಪೊಟ್ಟಣದ ಪಾಲು ಬಹಳ.

ನಮ್ಮ ದೇಶದ ಸ್ಥಿತಿಯನ್ನೂ ನೋಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಭಾರತದಲ್ಲಿ ಸಕ್ಕರೆ ಕಾಯಿಲೆ ಇರುವವರು 10 ಕೋಟಿಗೂ ಹೆಚ್ಚು. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ 13 ಕೋಟಿ 60 ಲಕ್ಷ. 2024ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ತನ್ನ ಹೊಸ ಆಹಾರ ಮಾರ್ಗದರ್ಶಿಯಲ್ಲಿ, ದೇಶದ ಒಟ್ಟು ರೋಗಭಾರದ ಶೇಕಡಾ 56.4ರಷ್ಟು ತಪ್ಪು ಆಹಾರದಿಂದ ಬರುತ್ತಿದೆ ಎಂದು ಅಂದಾಜು ಮಾಡಿತು. ನಾನು ಕಂಡ ಆ 38ರ ಗೃಹಸ್ಥ ಈ ಲೆಕ್ಕದಲ್ಲಿ ಒಬ್ಬ.

ನಮ್ಮ ತಟ್ಟೆ ಬದಲಾದ ಬಗೆ

ಕೊಪ್ಪಳ ಸೀಮೆಯವರಿಗೆ ಸಹಜ ಆಹಾರವನ್ನು ಬ್ರೆಜಿಲ್ಲಿನಿಂದ ಕಲಿಯುವ ಅಗತ್ಯವಿಲ್ಲ. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ನವಣಕ್ಕಿ ಅನ್ನ, ಪುಂಡಿಪಲ್ಯ, ಹೆಸರುಕಾಳು, ಮಡಿಕೆಕಾಳು, ಗುರೆಳ್ಳು ಚಟ್ನಿ, ಮಜ್ಜಿಗೆ: ಇದೇ ನಮ್ಮ ಹಿರಿಯರ ಊಟ. ಕುಷ್ಟಗಿ, ಯಲಬುರ್ಗಾದ ಒಣ ಹೊಲಗಳಲ್ಲಿ ಸಜ್ಜೆ, ಜೋಳ ಇಂದಿಗೂ ಬೆಳೆಯುತ್ತವೆ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಊರೂರಿನ ಜನ ಲಕ್ಷಗಟ್ಟಲೆ ರೊಟ್ಟಿ ಬಡಿದು ಬಂಡಿ, ಟ್ರ್ಯಾಕ್ಟರುಗಳಲ್ಲಿ ತಂದು ಕೊಡುವುದನ್ನು ನೀವೆಲ್ಲ ಬಲ್ಲಿರಿ. ಹಂಚಿ ತಿನ್ನುವ ಆ ಸಂಸ್ಕೃತಿಯಿಂದ ನಾವೂ ಕಲಿಯುವುದಿದೆ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಎಡದಂಡೆ ಕಾಲುವೆಯ ನೀರು ಗಂಗಾವತಿಯ ಕಡೆ ಹರಿಯಿತು. ಜೋಳದ ಹೊಲ ಗದ್ದೆಯಾಯಿತು. ಅಕ್ಕಿ ಗಿರಣಿಗಳು ಎದ್ದವು. ಈ ಸೀಮೆಗೆ ಭತ್ತದ ಕಣಜ ಎಂಬ ಹೆಸರು ಬಂತು. ಬರಗಾಲದ ನಾಡಿಗೆ ಅದು ದೊಡ್ಡ ಆಶೀರ್ವಾದ. ಅದನ್ನು ನಾನು ಹಳಿಯುವುದಿಲ್ಲ. ಆದರೆ ಹಬ್ಬಕ್ಕೆ ಉಣ್ಣುತ್ತಿದ್ದ ಬಿಳಿ ಅನ್ನ ಮೂರು ಹೊತ್ತಿನ ಊಟವಾದಾಗ ತಟ್ಟೆಯಿಂದ ಏನೋ ಒಂದು ಜಾರಿಹೋಯಿತು. ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ನಾರಿನ ಅಂಶ ಸುಮಾರು 3 ಗ್ರಾಂ. ಜೋಳದಲ್ಲಿ ಸುಮಾರು 10. ಸಜ್ಜೆಯಲ್ಲಿ ಸುಮಾರು 11. ನಾರು ಇದ್ದರೆ ಹೊಟ್ಟೆ ತುಂಬಿದ ಭಾವ ಬೇಗ ಬರುತ್ತದೆ, ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ. ಅದು ಕಡಿಮೆಯಾದ ಹೊಟ್ಟೆಗೆ ಬೇಗ ಹಸಿವು. ಆ ಹಸಿವಿನ ಬಾಗಿಲಲ್ಲೇ ಐದು ರೂಪಾಯಿಯ ಪೊಟ್ಟಣ ಬಂದು ನಿಂತಿದೆ.

ಹೊಟ್ಟೆಬಾಕತನ ಎಂದರೆ ಹೆಚ್ಚು ತಿನ್ನುವುದಷ್ಟೇ ಅಲ್ಲ

ಸಂತ ಥಾಮಸ್ ಅಕ್ವಿನಾಸರು ಹೊಟ್ಟೆಬಾಕತನಕ್ಕೆ ಐದು ಮುಖಗಳನ್ನು ಹೇಳುತ್ತಾರೆ: ಹೊತ್ತಿಗೆ ಮುಂಚೆ ತಿನ್ನುವುದು, ಬೆಲೆಯುಳ್ಳದ್ದೇ ಬೇಕೆನ್ನುವುದು, ಅತಿಯಾಗಿ ತಿನ್ನುವುದು, ಆತುರದಿಂದ ನುಂಗುವುದು, ನಾಲಿಗೆಗೆ ಹಿತವಾಗುವಂತೆ ಅತಿ ನಯವಾಗಿ ಮಾಡಿದ್ದನ್ನೇ ಬಯಸುವುದು. ಗುರುಮಠದಲ್ಲಿ ಇದನ್ನು ಪರೀಕ್ಷೆಗಾಗಿ ಓದಿದ್ದೆ. ಈಗ ಒಂದು ಪೊಟ್ಟಣ ಕೈಯಲ್ಲಿ ಹಿಡಿದು ನೋಡಿದರೆ, ಹೊತ್ತಲ್ಲದ ಹೊತ್ತಿನಲ್ಲಿ, ಆತುರದಿಂದ, ನಾಲಿಗೆಯ ಸುಖಕ್ಕೆ ತಿನ್ನುವಂತೆ ಅದನ್ನು ರೂಪಿಸಲಾಗಿದೆ ಎನಿಸುತ್ತದೆ. ಮಿತಸಂಯಮ ಎಂಬ ಸದ್ಗುಣ ಊಟದ ಸಂತೋಷವನ್ನು ಕಸಿಯುವುದಿಲ್ಲ. ತಿನ್ನುವವನು ತಿನಿಸಿನ ಒಡೆಯನಾಗಿರಬೇಕು, ಆಳಾಗಬಾರದು ಎನ್ನುತ್ತದೆ, ಅಷ್ಟೇ.

ದಾನಿಯೇಲನ ಗ್ರಂಥದ ಮೊದಲನೆಯ ಅಧ್ಯಾಯವನ್ನು ಈ ವಾರ ಮನೆಯಲ್ಲಿ ಓದಿರಿ. ಬಾಬಿಲೋನಿನ ಅರಮನೆಯಲ್ಲಿ ಸೆರೆಯಾಳಾಗಿದ್ದ ನಾಲ್ವರು ಯುವಕರು ಅರಸನ ಊಟವನ್ನು ಒಲ್ಲೆವೆಂದರು. ಹತ್ತು ದಿನ ಬರೀ ಕಾಯಿಪಲ್ಯ ಮತ್ತು ನೀರು ಕೊಟ್ಟು ಪರೀಕ್ಷಿಸಿ ಎಂದು ಮೇಲ್ವಿಚಾರಕನನ್ನು ವಿನಯದಿಂದ ಕೇಳಿಕೊಂಡರು. ನನ್ನ ತಟ್ಟೆಯ ಮೇಲೆ ಯಾರ ಅಧಿಕಾರ ಎಂಬುದೇ ಅವರ ಪ್ರಶ್ನೆ. ಅಂದು ಅರಮನೆ ಕೇಳುತ್ತಿತ್ತು, ಇಂದು ಜಾಹೀರಾತು ಕೇಳುತ್ತಿದೆ.

ಹಾಗಾದರೆ ಮಾಂಸ ತಿನ್ನುವುದು ತಪ್ಪೇ?

ಅಲ್ಲ. ಹೊರಗಿನಿಂದ ಒಳಹೋಗುವ ಆಹಾರ ಮನುಷ್ಯನನ್ನು ಮೈಲಿಗೆ ಮಾಡದು ಎಂದು ಯೇಸುಸ್ವಾಮಿ ಸ್ಪಷ್ಟವಾಗಿ ಕಲಿಸಿದ್ದಾರೆ. ತಿನ್ನುವವನು ತಿನ್ನದವನನ್ನು ಹೀನಾಯ ಮಾಡಬಾರದು, ತಿನ್ನದವನು ತಿನ್ನುವವನ ಮೇಲೆ ತೀರ್ಪು ಕೊಡಬಾರದು ಎಂಬುದು ಸಂತ ಪೌಲರ ಬೋಧನೆ. ಊಟವನ್ನು ನೋಡಿ ಜಾತಿ ಅಳೆಯುವ ನಮ್ಮ ನಾಡಿನಲ್ಲಿ ಈ ಮಾತನ್ನು ಎರಡು ಬಾರಿ ಹೇಳಬೇಕು. ಕಾಳು, ಕಾಯಿಪಲ್ಯ ಹೆಚ್ಚಿಸಿಕೊಳ್ಳುವುದು ದೇಹದ ಆರೋಗ್ಯಕ್ಕಾಗಿ, ಭೂಮಿಯ ಹಿತಕ್ಕಾಗಿ. ಅದರಿಂದ ಯಾರೂ ಮೇಲಿನವರಾಗುವುದಿಲ್ಲ.

ಇನ್ನೊಂದು ಮಾತು. 2021ರ ಡಿಸೆಂಬರಿನಲ್ಲಿ ಕೊಪ್ಪಳವೂ ಸೇರಿದಂತೆ ಅಪೌಷ್ಟಿಕತೆ ಹೆಚ್ಚಿರುವ ಏಳು ಜಿಲ್ಲೆಗಳ ಶಾಲಾ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ, ಮೊಟ್ಟೆ ಒಲ್ಲದವರಿಗೆ ಬಾಳೆಹಣ್ಣು ಕೊಡಲು ಆರಂಭವಾಯಿತು. ಬೆಳೆಯುವ ಮಗುವಿನ ತಟ್ಟೆಯಿಂದ ಮೊಟ್ಟೆಯನ್ನಾಗಲೀ ಹಾಲನ್ನಾಗಲೀ ಈ ಲೇಖನದ ಹೆಸರಿನಲ್ಲಿ ದಯವಿಟ್ಟು ತೆಗೆಯಬೇಡಿ. ತೆಗೆಯಬೇಕಾದದ್ದು ಪೊಟ್ಟಣ.

"ಹೊತ್ತೆಲ್ಲಿ ಐತ್ರಿ ಫಾದರ್?"

ಮುಂದಿನ ಭೇಟಿಯಲ್ಲಿ ಆ ತಾಯಿಗೆ ಇದನ್ನೆಲ್ಲ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ಖರೇ ಐತ್ರಿ. ಆದ್ರ ನಸುಕಿನ್ಯಾಗ ಎದ್ದು ಗದ್ದಿ ಕಳೆ ತೆಗೆಯಾಕ ಹೋಗಬೇಕ್ರಿ. ರೊಟ್ಟಿ ಬಡಿಯಾಕ ಹೊತ್ತೆಲ್ಲಿ ಐತ್ರಿ ಫಾದರ್? ಮಕ್ಕಳು ಅತ್ರ ಐದ ರೂಪಾಯಿ ಕೊಟ್ಟ ಸುಮ್ಮನ ಮಾಡ್ತೀನ್ರಿ" ಎಂದರು. ನನ್ನ ಬಳಿ ತಕ್ಷಣ ಉತ್ತರ ಇರಲಿಲ್ಲ. ಅಡಿಗೆಯವರು ಮಾಡಿಟ್ಟದ್ದನ್ನು ಉಣ್ಣುವ ಗುರುವಿಗೆ ಉಪದೇಶ ಸುಲಭ ಎಂದು ಆ ದಿನ ನನಗೆ ತಿಳಿಯಿತು. ಊಟದ ಬದಲಾವಣೆಯ ಭಾರವೆಲ್ಲ ಹೆಣ್ಣುಮಗಳ ಹೆಗಲಿಗೆ ಬಿದ್ದರೆ ಅದು ತಪಸ್ಸಲ್ಲ, ಅನ್ಯಾಯ. ಆದ್ದರಿಂದ ಆ ಮನೆಯವರೆಲ್ಲ ಕೂತು ಮಾತಾಡಿದೆವು. ದಾನಿಯೇಲನಂತೆ ಹತ್ತು ದಿನ ನೋಡೋಣ ಎಂದು ಒಪ್ಪಿಕೊಂಡೆವು. ನಾವು ಗೊತ್ತುಮಾಡಿದ್ದು ಇಷ್ಟು:

1. ಭಾನುವಾರ ಪೂಜೆಯ ನಂತರ ವಾರಕ್ಕಾಗುವಷ್ಟು ಖಡಕ್ ರೊಟ್ಟಿ. ಗಂಡ ಹಿಟ್ಟು ನಾದಬೇಕು, ಹಿರಿಯ ಮಗ ಒಲೆ ನೋಡಿಕೊಳ್ಳಬೇಕು. ಒಣಗಿದ ರೊಟ್ಟಿ ದಿನಗಟ್ಟಲೆ ಕೆಡುವುದಿಲ್ಲ. ಶೇಂಗಾ, ಅಗಸಿ, ಗುರೆಳ್ಳು ಚಟ್ನಿಪುಡಿಗಳೂ ಹಾಗೆಯೇ.

2. ರಾತ್ರಿ ಒಂದು ಮುಷ್ಟಿ ಹೆಸರು ಅಥವಾ ಮಡಿಕೆಕಾಳು ನೆನೆಹಾಕಿ, ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟಿಡುವುದು. ಮೊಳಕೆ ಬಂದ ಮೇಲೆ ಹಸಿ ಉಳ್ಳಾಗಡ್ಡಿ, ಲಿಂಬೆರಸ ಸೇರಿಸಿದರೆ ಸಂಜೆಯ ತಿಂಡಿ. ಲಿಂಬೆಯ ಹುಳಿ ಕಾಳಿನ ಕಬ್ಬಿಣಾಂಶ ಮೈಗೆ ಹತ್ತಲು ನೆರವಾಗುತ್ತದೆ. ಚಹಾ ಅದಕ್ಕೆ ಅಡ್ಡಿ, ಆದ್ದರಿಂದ ಊಟದ ಜೊತೆ ಚಹಾ ಬೇಡ.

3. ಅನ್ನ ಬಿಡಬೇಕಿಲ್ಲ. ದಿನಕ್ಕೆ ಒಂದು ಹೊತ್ತು ರೊಟ್ಟಿ ಅಥವಾ ನವಣೆ. ಅನ್ನ ಉಣ್ಣುವಾಗ ಬೇಳೆ, ಪಲ್ಯ ಹೆಚ್ಚು. ಧಾನ್ಯದಲ್ಲಿ ಕೊರತೆಯಿರುವ ಸಸಾರಜನಕದ ಅಂಶವನ್ನು ಬೇಳೆ ತುಂಬುತ್ತದೆ, ಬೇಳೆಯ ಕೊರತೆಯನ್ನು ಧಾನ್ಯ ತುಂಬುತ್ತದೆ. ಪೋಷಣಾ ಸಂಸ್ಥೆಯ ಮಾದರಿ ತಟ್ಟೆಯಲ್ಲಿ ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಇದೆ.

4. ಮಕ್ಕಳಿಗೆ ಹುರಿದ ಶೇಂಗಾ-ಬೆಲ್ಲ, ಪುಠಾಣಿ, ಬಾಳೆಹಣ್ಣು. ಐದು ರೂಪಾಯಿಯ ಪೊಟ್ಟಣದಲ್ಲಿ 20 ಗ್ರಾಂ ಇದ್ದರೆ ಕಿಲೋಗೆ 250 ರೂಪಾಯಿ ಆಯಿತು. ಅದನ್ನು ಸಂತೆಯ ಶೇಂಗಾ ದರಕ್ಕೆ ಹೋಲಿಸಿ ನೋಡಿ. ಇಬ್ಬರು ಮಕ್ಕಳು ದಿನಕ್ಕೆ ಎರಡೆರಡು ಪೊಟ್ಟಣ ತಿಂದರೆ ತಿಂಗಳಿಗೆ 600 ರೂಪಾಯಿ.

5. ಪೊಟ್ಟಣ ಕೊಳ್ಳಲೇಬೇಕಾದರೆ ಹಿಂಬದಿ ಓದುವುದು. ಯಾವ ಪದಾರ್ಥ ಹೆಚ್ಚಿದೆಯೋ ಅದರ ಹೆಸರು ಮೊದಲು ಬರುತ್ತದೆ. ಮೈದಾ, ಸಕ್ಕರೆ, ಪಾಮ್ ಎಣ್ಣೆ ಮೊದಲ ಮೂರು ಸ್ಥಾನದಲ್ಲಿದ್ದರೆ ಕೆಳಗಿಡುವುದು.

ಎಚ್ಚರಿಕೆಯ ಮಾತು

ಸಿರಿಧಾನ್ಯ ಔಷಧಿಯಲ್ಲ. ಅದರಲ್ಲೂ ಪಿಷ್ಟ ಇದೆ, ಹೆಚ್ಚು ತಿಂದರೆ ಸಕ್ಕರೆ ಏರುತ್ತದೆ. ಸಕ್ಕರೆ ಕಾಯಿಲೆಯವರು, ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಊಟ ಬದಲಿಸಬೇಕು. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಹಾಲು, ಮೊಸರು, ಮೊಟ್ಟೆಯನ್ನೂ ಸಂಪೂರ್ಣ ಬಿಡುವವರಿಗೆ ಬಿ-12 ಜೀವಸತ್ವದ ಕೊರತೆಯಾಗುತ್ತದೆ. ಅದು ಸಸ್ಯಾಹಾರದಿಂದ ಸಿಗುವುದಿಲ್ಲವಾದ್ದರಿಂದ ಮಾತ್ರೆಯ ರೂಪದಲ್ಲಿ ಪಡೆಯಬೇಕಾಗುತ್ತದೆ. ಮನೆಯ ಬಜ್ಜಿ, ಮಿರ್ಚಿಯೂ ದಿನನಿತ್ಯದ್ದಾಗಬಾರದು. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಸೇರಿಸಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಿಕ್ಕ ಚಮಚದಷ್ಟು, ಮೀರಬಾರದು.

ಹತ್ತು ದಿನದಲ್ಲಿ ಪವಾಡವೇನೂ ನಡೆಯಲಿಲ್ಲ. ಕಿರಿಯವನು ಮೂರನೆಯ ದಿನ ಅತ್ತು ಪೊಟ್ಟಣ ಗಿಟ್ಟಿಸಿಕೊಂಡ. ಆದರೆ ಹನ್ನೊಂದನೆಯ ದಿನ ನಾನು ಹೋದಾಗ ಆ ತಾಯಿ ಬಿಸ್ಕತ್ತಿನ ಬದಲು ಅರ್ಧ ಖಡಕ್ ರೊಟ್ಟಿಯ ಮೇಲೆ ಶೇಂಗಾ ಚಟ್ನಿ, ಮೊಸರು ಹಾಕಿಕೊಟ್ಟರು. "ಇದನ್ನ ಬ್ಯಾಡ ಅನಬ್ಯಾಡ್ರಿ ಮತ್ತ" ಎಂದರು. ಅನ್ನಲಿಲ್ಲ. ರೊಟ್ಟಿ ತುಸು ದಪ್ಪವಾಗಿತ್ತು. ಹಿಟ್ಟು ನಾದಿದವನು ಪಕ್ಕದಲ್ಲೇ ನಾಚಿಕೊಂಡು ಕುಳಿತಿದ್ದ.

ಪ್ರಿಯರೇ, ಗುರುಗಳು ಮನೆಗೆ ಬಂದಾಗ ಅಂಗಡಿಗೆ ಮಕ್ಕಳನ್ನು ಓಡಿಸಬೇಡಿ. ಮನೆಯಲ್ಲಿ ಇದ್ದುದನ್ನೇ ಕೊಡಿ, ಒಂದು ಲೋಟ ಮಜ್ಜಿಗೆ ಸಾಕು. ಶುಕ್ರವಾರ ಮಾಂಸ ಬಿಟ್ಟಾಗ ಪೊಟ್ಟಣವನ್ನೂ ಬಿಡಿ. ಉಳಿದ ಹಣವನ್ನು ಹಸಿದವರಿಗಾಗಿ ತೆಗೆದಿಡಿ. ಆಗ ಆ ವ್ರತ ದೇಹಕ್ಕೂ ಆತ್ಮಕ್ಕೂ ನೆರೆಯವನಿಗೂ ಫಲ ಕೊಡುತ್ತದೆ.

ಮನೆಯಲ್ಲಿ ಮನನಕ್ಕೆ:

- ಈ ವಾರ ನಮ್ಮ ಮನೆಗೆ ಎಷ್ಟು ಪೊಟ್ಟಣ ಬಂದವು? ಯಾರು ಕೇಳಿದರು, ಯಾರು ಕೊಟ್ಟರು?
- ಅಡಿಗೆಮನೆಯ ಕೆಲಸದಲ್ಲಿ ನನ್ನ ಪಾಲು ಎಷ್ಟು?
- ಅಜ್ಜಿ ಮಾಡುತ್ತಿದ್ದ ಯಾವ ಊಟ ನಮ್ಮ ಮಕ್ಕಳಿಗೆ ಗೊತ್ತೇ ಇಲ್ಲ? ಬರುವ ಭಾನುವಾರ ಅದನ್ನು ಮಾಡಬಹುದೇ?