ಎದ್ದು ನಿಲ್ಲಿ ಎಂದಾಗ ಕುಳಿತೇ ಇದ್ದವರು

ಪ್ರಶ್ನೆ: ಅಕ್ಕಾ, ಉಡುಪಿ ಜಿಲ್ಲೆಯ ಒಂದು ಚಿಕ್ಕ ಸಿ.ಎಸ್.ಐ. ಸಭೆ ನಮ್ಮದು. ಅಲ್ಲಿನ ಸ್ತ್ರೀ ಅನ್ಯೋನ್ಯ ಕೂಟಕ್ಕೆ ಈ ವರ್ಷ ನಾನು ಕಾರ್ಯದರ್ಶಿ. ವರ್ಷಕ್ಕೊಂದು ಭಾನುವಾರ ನಮ್ಮಲ್ಲಿ ಸ್ತ್ರೀಯರ ಆರಾಧನೆ ನಡೆಯುತ್ತದೆ. ಇಷ್ಟು ದಿನ ಸಭಾಪಾಲಕರೇ ಎಲ್ಲ ನಡೆಸಿ, ನಮ್ಮಿಂದ ಎರಡು ಹಾಡು ಹಾಡಿಸುತ್ತಿದ್ದರು. ಈ ಸಲ ಹೊಸದಾಗಿ ಬಂದ ಸಭಾಪಾಲಕರು "ಪೂರ್ತಿ ನೀವೇ ಯೋಜಿಸಿ, ಸ್ತ್ರೀಯರಿಗೆ ಗೌರವ ಸಲ್ಲುವ ಹಾಗಿರಲಿ" ಅಂದುಬಿಟ್ಟರು. ಅವತ್ತಿನಿಂದ ನನಗೆ ನಿದ್ದೆ ಇಲ್ಲ. ಕೂಟದ ಅರ್ಧ ಜನ ಒಂದೇ ಬಣ್ಣದ ಸೀರೆ ತೆಗೆಯೋಣ, ತಾಯಂದಿರಿಗೆಲ್ಲ ಗುಲಾಬಿ ಕೊಡೋಣ, ಎಂಬತ್ತು ದಾಟಿದ ಮೂವರಿಗೆ ಶಾಲು ಹೊದಿಸೋಣ ಅನ್ನುತ್ತಾರೆ. ಕಾಲೇಜಿನ ಹುಡುಗಿಯರು "ಆಂಟಿ, ಅದೆಲ್ಲ ಬೋರ್" ಅನ್ನುತ್ತಾರೆ. ಕಮಿಟಿಯ ಹಿರಿಯರೊಬ್ಬರು, ಹೆಂಗಸರು ಪ್ರಸಂಗಪೀಠ ಹತ್ತುವುದು ವಾಕ್ಯಕ್ಕೆ ವಿರೋಧ ಅಂತ ಪೌಲನ ಮಾತು ತೋರಿಸುತ್ತಾರೆ. ಮನೆಯಲ್ಲಿ ಅತ್ತೆ "ದೇವರ ಆರಾಧನೆಯಲ್ಲಿ ಹೆಂಗಸರನ್ನು ಹೊಗಳುವುದು ಎಂಥದ್ದು?" ಅಂತ ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಆರಾಧನೆ ಮುಗಿದ ಮೇಲೆ ಊಟ ಇದೆ, ಅಡುಗೆ ಯಾವಾಗಲೂ ನಮ್ಮದೇ. ದೇವಾಲಯ ಗುಡಿಸುವ ಅಮ್ಮನಿಗೆ ಒಂದು ಸೀರೆ ಕೊಡುವುದು, ಇದೊಂದನ್ನು ಮಾತ್ರ ಎಲ್ಲರೂ ಒಪ್ಪಿದ್ದಾರೆ. ನಾನು ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಅತ್ತೆಯವರಿಂದ ಶುರು ಮಾಡಿ. ಇಡೀ ಪತ್ರದಲ್ಲಿ ತೂಕದ ಮಾತು ಆಡಿದವರು ಅವರೇ.

ನಮ್ಮ ರಾಜ್ಯದಲ್ಲಿ ನಾಲ್ಕು ಜನ ಒಂದು ಕಡೆ ಸೇರಿದರೆ ಅದರಲ್ಲಿ ಒಬ್ಬರಿಗೆ ಸನ್ಮಾನ ಗ್ಯಾರಂಟಿ. ಶಾಲು, ಪೇಟ, ಹಣ್ಣಿನ ಬುಟ್ಟಿ, ಫೋಟೋ. ಬುಟ್ಟಿಯ ಮೇಲಿನ ಪ್ಲಾಸ್ಟಿಕ್ ಹಾಳೆ ಬಿಚ್ಚಿದರೆ ಒಳಗೆ ಎರಡು ಸೇಬು, ನಾಲ್ಕು ಮೂಸಂಬಿ. ನಾನೂ ಇಸಕೊಂಡಿದ್ದೇನೆ, ಖುಷಿಯೂ ಪಟ್ಟಿದ್ದೇನೆ. ಆದರೆ ಅದನ್ನು ಆರಾಧನೆಯ ಮಧ್ಯಕ್ಕೆ ತಂದಿರೋ, ಅಷ್ಟು ಹೊತ್ತು ಸಭೆ ಪ್ರೇಕ್ಷಕರಾಗಿ ಕುಳಿತು ಚಪ್ಪಾಳೆ ತಟ್ಟುತ್ತದೆ, ದೇವರು ಕಾದಿರಬೇಕು. ಎಂಬತ್ತು ದಾಟಿದವರಿಗೆ ಶಾಲು ಹೊದಿಸಿ, ಖಂಡಿತ ಹೊದಿಸಿ. ಆಶೀರ್ವಚನ ಮುಗಿದ ಮೇಲೆ, ಹಾಲ್‌ನಲ್ಲಿ, ಕಾಫಿ ಜೊತೆ. ಆರಾಧನೆಯೊಳಗೆ ಹೆಣ್ಣಿಗೆ ಸಲ್ಲುವ ಗೌರವದ ಬಗೆ ಬೇರೆ. ಅವಳ ಬಾಯಿಂದ ಪ್ರಾರ್ಥನೆ ಬರುತ್ತದೆಯೇ, ಅವಳ ಕಥೆ ಸತ್ಯವೇದದಿಂದ ಓದಲಾಗುತ್ತದೆಯೇ, ಅವಳ ಸಂಕಟ ದೇವರ ಮುಂದೆ ಬಾಯಿಬಿಟ್ಟು ಹೇಳಲಾಗುತ್ತದೆಯೇ? ಇಷ್ಟು ಕೇಳಿಕೊಂಡು ನಿಮ್ಮ ಪಟ್ಟಿಯ ಒಂದೊಂದನ್ನೂ ತೂಗಿ ನೋಡಿ. ಅತ್ತೆಯವರಿಗೂ ಇದನ್ನೇ ಹೇಳಿ. ಒಪ್ಪಿದರೆ ಒಂದು ಪ್ರಾರ್ಥನೆ ಅವರಿಂದಲೇ ಮಾಡಿಸಿ.

ಇನ್ನು ಗುಲಾಬಿ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ಕೆಲವು ವರ್ಷಗಳ ಹಿಂದೆ, ಮೇ ತಿಂಗಳಲ್ಲಿ ತಾಯಂದಿರ ದಿನದ ಭಾನುವಾರ, ನಾನು ನನ್ನ ತಂಗಿಯ ಜೊತೆ ಅವಳ ಸಭೆಗೆ ಹೋಗಿದ್ದೆ. ಮೂರು ಸಲ ಅವಳಿಗೆ ಗರ್ಭ ನಿಂತು ಹೋಗಿತ್ತು, ಕೊನೆಯದು ಆರನೇ ತಿಂಗಳಲ್ಲಿ. ಪ್ರಸಂಗ ಮುಗಿದ ಮೇಲೆ "ತಾಯಂದಿರೆಲ್ಲ ದಯವಿಟ್ಟು ಎದ್ದು ನಿಲ್ಲಿ" ಎಂಬ ಪ್ರಕಟಣೆ ಬಂತು. ಸುತ್ತ ಸೀರೆಗಳ ಸರಭರ. ನಾನೂ ಎದ್ದೆ. ತಂಗಿ ಸಂಗೀತ ಪುಸ್ತಕ ತೆರೆದು ಮುಂದಿನ ಹಾಡಿನ ನಂಬರ್ ಹುಡುಕುವವಳ ಹಾಗೆ ಕುಳಿತಳು. ಹೂ ಹಿಡಿದು ಬಂದ ಸಂಡೇ ಸ್ಕೂಲ್ ಹುಡುಗನಿಗೆ ಏನು ಗೊತ್ತು, ನಗುತ್ತಾ ಅವಳಿಗೂ ಒಂದು ಕೊಟ್ಟ. ಹಿಂದಿನ ಬೆಂಚಿನಿಂದ ಒಬ್ಬರು, ಪಾಪ, ಕೆಟ್ಟ ಮನಸ್ಸಿನವರಲ್ಲ, "ಮಗಾ, ಅವರಿಗಲ್ಲ, ಪಕ್ಕದವರಿಗೆ" ಅಂದರು. ಆ ಮಗು ಅವಳ ಕೈಯಿಂದ ಹೂ ಹಿಂದಕ್ಕೆ ತೆಗೆದುಕೊಂಡು ನನಗೆ ಕೊಟ್ಟಿತು. ತಂಗಿ ಆಮೇಲೆ ಎರಡು ವರ್ಷ ಮೇ ತಿಂಗಳಲ್ಲಿ ಆರಾಧನೆಗೆ ಹೋಗಲಿಲ್ಲ.

ನಿಮ್ಮ ಸಭೆಯಲ್ಲೂ ಅಂಥವರು ಇದ್ದಾರೆ. ಮಗನನ್ನು ಬೈಕ್ ಅಪಘಾತದಲ್ಲಿ ಕಳೆದುಕೊಂಡವರು, ಮದುವೆಯೇ ಬೇಡ ಅಂದುಕೊಂಡ ಟೀಚರ್, ಅಮ್ಮ ತೀರಿಕೊಂಡು ತಿಂಗಳಾಗದ ಹುಡುಗಿ. ತಮಾಷೆ ನೋಡಿ, ಈ ತಾಯಂದಿರ ದಿನವನ್ನು ಹುಟ್ಟುಹಾಕಿದ ಆ್ಯನಾ ಜಾರ್ವಿಸ್ ಅವರಿಗೇ ಮಕ್ಕಳಿರಲಿಲ್ಲ, ಮದುವೆಯೂ ಆಗಿರಲಿಲ್ಲ. 1908ರ ಮೇ 10ರಂದು ಅಮೆರಿಕದ ವೆಸ್ಟ್ ವರ್ಜೀನಿಯಾದ ಗ್ರಾಫ್ಟನ್ ಎಂಬ ಊರಿನ ಮೆಥೊಡಿಸ್ಟ್ ದೇವಾಲಯದಲ್ಲಿ ಮೊದಲ ಆರಾಧನೆ ನಡೆದಾಗ, ತೀರಿಹೋದ ತನ್ನ ತಾಯಿಯ ನೆನಪಿಗೆ ಅಂತ ಆಕೆ 500 ಬಿಳಿ ಕಾರ್ನೇಷನ್ ಹೂ ಕಳಿಸಿದ್ದರು. 1914ರಲ್ಲಿ ಅದು ಸರ್ಕಾರಿ ಆಚರಣೆಯಾಯಿತು, ಹೂವಿನವರೂ ಗ್ರೀಟಿಂಗ್ ಕಾರ್ಡಿನವರೂ ಮುಗಿಬಿದ್ದರು. ಅದನ್ನು ನೋಡಲಾಗದೆ ಆಕೆ ಉಳಿದ ಆಯುಷ್ಯವನ್ನೂ ಕೈಲಿದ್ದ ದುಡ್ಡನ್ನೂ ಆ ವ್ಯಾಪಾರದ ವಿರುದ್ಧ ಜಗಳಕ್ಕೇ ಸುರಿದರು. ಆದ್ದರಿಂದ ನಿಮ್ಮ ಆರಾಧನೆಯನ್ನು ಮೇ ತಿಂಗಳ ಎರಡನೇ ಭಾನುವಾರಕ್ಕೆ ಕಟ್ಟಿಹಾಕಬೇಡಿ. ಹೂ ಕೊಡಲೇಬೇಕು ಅಂತಿದ್ದರೆ ಬಾಗಿಲಲ್ಲೇ ಬುಟ್ಟಿ ಇಡಿ, ಒಳಗೆ ಬರುವ ಪ್ರತಿ ಹೆಣ್ಣಿಗೂ ಒಂದು, ಎಂಟು ವರ್ಷದ ಪೋರಿಗೂ. ಯಾರನ್ನೂ ಏಳಿಸಬೇಡಿ, ಕೂರಿಸಬೇಡಿ.

ಆರಾಧನೆಯ ಮಧ್ಯೆ ಎರಡು ನಿಮಿಷ ಮೌನ ಇಡಿ. ಅದಕ್ಕೆ ಮೊದಲು ಹನ್ನಳ ಕಥೆ ಓದಿಸಿ, ಒಂದನೆಯ ಸಮುವೇಲನ ಮೊದಲ ಅಧ್ಯಾಯ. ಮಕ್ಕಳಿಲ್ಲದ ಹನ್ನ ತುಟಿ ಮಾತ್ರ ಅಲ್ಲಾಡಿಸುತ್ತಾ ಪ್ರಾರ್ಥಿಸುವಾಗ, ಇವಳು ಕುಡಿದಿದ್ದಾಳೆ ಅಂದುಕೊಂಡವನು ಬೀದಿಯ ಯಾವನೋ ಅಲ್ಲ, ಯಾಜಕನಾದ ಏಲಿ. ಹೆಂಗಸಿನ ದುಃಖ ದೇವಾಲಯದ ಒಳಗಿನವರಿಗೇ ಅರ್ಥವಾಗದೆ ಹೋದದ್ದು ಅಷ್ಟು ಹಳೆಯ ಸಂಗತಿ. ಓದಿದ ಮೇಲೆ ವಿವರಣೆ ಬೇಡ, ಕೀಬೋರ್ಡ್ ಕೂಡ ಬೇಡ.

ಪ್ರಾರ್ಥನೆಗಳನ್ನು ಬರೆಯುವುದು ಹೇಗೆ? ಇದಕ್ಕೊಂದು ಒಳ್ಳೆಯ ಮಾದರಿ ನಿಮ್ಮ ಕೂಟಕ್ಕೆ ಆಗಲೇ ಗೊತ್ತಿದೆ. ಮಾರ್ಚ್ ತಿಂಗಳ ಮೊದಲ ಶುಕ್ರವಾರ ವಿಶ್ವ ಪ್ರಾರ್ಥನಾ ದಿನ ಮಾಡುತ್ತೀರಲ್ಲ, ಅದರ ಆರಾಧನಾ ಕ್ರಮವನ್ನು ಪ್ರತಿ ವರ್ಷ ಒಂದೊಂದು ದೇಶದ ಹೆಂಗಸರು ಬರೆಯುತ್ತಾರೆ. 2023ರಲ್ಲಿ ತೈವಾನಿನವರು, 2024ರಲ್ಲಿ ಪ್ಯಾಲೆಸ್ತೀನಿನವರು, 2025ರಲ್ಲಿ ಕುಕ್ ದ್ವೀಪದವರು. ಅವರ ಊರು, ಅವರ ಭಯ, ಅವರ ಹಾಡು. ಜಗತ್ತಿನ ಮಿಕ್ಕವರು ಅದನ್ನು ತಮ್ಮ ಬಾಯಲ್ಲಿ ಹೇಳಿ ಪ್ರಾರ್ಥಿಸುತ್ತಾರೆ. ಇದೇ ಉಪಾಯವನ್ನು ನಿಮ್ಮ ಸಭೆಗೆ ಇಳಿಸಿ. ಒಂದು ಸಂಜೆ ಯಾರದಾದರೂ ಮನೆಯ ಜಗಲಿಯಲ್ಲಿ ಕುಳಿತುಕೊಳ್ಳಿ. ಪುಸ್ತಕ ತೆಗೆಯಬೇಡಿ. ಒಬ್ಬೊಬ್ಬರೂ ಈ ವಾರ ದೇವರ ಹತ್ತಿರ ನಿಜವಾಗಿ ಕೇಳಿದ್ದೇನು ಅಂತ ಒಂದು ಸಾಲು ಹೇಳಲಿ. ಬೀಡಿ ಕಟ್ಟುವವರು, ಬ್ರಾಂಚಿನಲ್ಲಿ ಅರ್ಧ ಕಟ್ಟು ಸರಿಯಿಲ್ಲ ಅಂತ ವಾಪಸ್ ಎಸೆಯುವಾಗ ಕಣ್ಣೀರು ಬರದ ಹಾಗೆ ನೋಡಿಕೋ ಅನ್ನಬಹುದು. ಮಗಳು ಕುವೈತಿನಲ್ಲಿ ನರ್ಸ್ ಆಗಿರುವವರು ರಾತ್ರಿ ಪಾಳಿಯ ಬಗ್ಗೆ ಹೇಳಬಹುದು. ಅಜ್ಜಿಯೊಬ್ಬರು ಈ ಮೊಣಕಾಲಿಗೆ ಇನ್ನೆರಡು ವರ್ಷ ದೇವಾಲಯದ ಮೆಟ್ಟಿಲು ಹತ್ತುವ ಬಲ ಕೊಡು ಅಂದಾರು. ಅಕ್ಷರ ಬಾರದವರ ಸಾಲನ್ನು ನಿಮ್ಮ 'ಬೋರ್' ಹುಡುಗಿಯರು ಫೋನಿನಲ್ಲಿ ಬರೆದುಕೊಳ್ಳಲಿ, ಸಾಹಿತ್ಯ ಮಾಡಲು ಹೋಗದೆ ಹೇಳಿದ ಹಾಗೇ. ಅವತ್ತು ಅವರ ಬೋರ್ ಹೋಗುತ್ತದೆ ಅನ್ನುವುದು ನನ್ನ ಅಂದಾಜು. ಬರೆದದ್ದನ್ನು ವಿಜ್ಞಾಪನೆಯ ಹೊತ್ತಿನಲ್ಲಿ ಓದಿ. ಯಾರ ಸಾಲು ಯಾರದು ಅಂತ ಹೇಳುವ ಅಗತ್ಯವಿಲ್ಲ.

ಪಾಪದ ಅರಿಕೆಯಲ್ಲಿ ಒಂದು ವಾಕ್ಯ ಸೇರಿಸಲು ಸಭಾಪಾಲಕರನ್ನು ಕೇಳಿ. ನಮ್ಮ ನಡುವಿನ ಮನೆಗಳಲ್ಲಿ ಹೆಂಗಸರಿಗೆ ಏಟು ಬಿದ್ದಾಗ ನಾವು ಕೇಳಿಸಿಕೊಳ್ಳದವರ ಹಾಗೆ ಇದ್ದೆವು ಅಂತ. ಗಂಡಸರೂ ಹೆಂಗಸರೂ ಒಟ್ಟಿಗೆ ಹೇಳಲಿ. ಅವತ್ತು ಯಾರಾದರೂ ತಾಳ್ಮೆಯ ಮೇಲೆ ಪ್ರಸಂಗ ಮಾಡಲು ಹೊರಟರೆ ದಯವಿಟ್ಟು ತಪ್ಪಿಸಿ. ನೋಟಿಸ್ ಬೋರ್ಡಿನಲ್ಲಿ ಮಹಿಳಾ ಸಹಾಯವಾಣಿ 181 ಅಂತ ದಪ್ಪಗೆ ಬರೆದು ಅಂಟಿಸಿ. ಆಮೇಲೂ ಅದನ್ನು ಕೀಳಬೇಡಿ.

ವಾಕ್ಯಪಾಠಕ್ಕೆ ಬರೋಣ. ಇಂಥ ಭಾನುವಾರ ಜ್ಞಾನೋಕ್ತಿ 31 ಓದುವುದು ವಾಡಿಕೆ, ಗುಣವತಿಯಾದ ಹೆಂಡತಿಯ ಭಾಗ. ಕೆಟ್ಟ ಭಾಗವೇನಲ್ಲ. ಆದರೆ ಓದುವವರು ಅವಳು ಕತ್ತಲಿರುವಾಗಲೇ ಏಳುವ ಮಾತನ್ನು ಒತ್ತಿ ಓದಿ, ಅವಳೇ ವಿಚಾರಿಸಿ ಹೊಲ ಕೊಂಡ ಮಾತನ್ನು ಗಡಿಬಿಡಿಯಲ್ಲಿ ದಾಟಿಸುತ್ತಾರೆ. ಅದಕ್ಕೇ ಈ ಸಲ ಬೇರೆ ಭಾಗ ಆರಿಸಿ. ಅರಣ್ಯಕಾಂಡ 27 ನನಗೆ ಬಹಳ ಇಷ್ಟ. ಚಲ್ಪಹಾದ ಎಂಬುವನು ಗಂಡು ಮಕ್ಕಳಿಲ್ಲದೆ ಸತ್ತ. ಅವನ ಐದು ಹೆಣ್ಣುಮಕ್ಕಳು, ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ, ಮೋಶೆಯೂ ಯಾಜಕನೂ ಇಡೀ ಸಮೂಹವೂ ನೆರೆದಿರುವ ಕಡೆ ಹೋಗಿ ನಿಂತು, ಅಪ್ಪನ ಆಸ್ತಿಯಲ್ಲಿ ನಮಗೂ ಪಾಲು ಕೊಡಿ ಎಂದು ಕೇಳುತ್ತಾರೆ. ಮೋಶೆಗೆ ಉತ್ತರ ಹೊಳೆಯದೆ ದೇವರನ್ನು ಕೇಳುತ್ತಾನೆ. ಅವರು ಹೇಳುವುದು ಸರಿ ಎಂದು ದೇವರಿಂದ ಅಪ್ಪಣೆಯಾಗುತ್ತದೆ, ಕಾನೂನೇ ಬದಲಾಗುತ್ತದೆ. ಐವರು ಹುಡುಗಿಯರು ಐದು ಮೂಲೆಗಳಲ್ಲಿ ಎದ್ದು ಆ ಐದು ಹೆಸರು ಕೂಗಿ ಹೇಳಲಿ, ಹೆಂಚಿನ ಮಾಡು ಕೇಳಿಸಿಕೊಳ್ಳಲಿ. ಪ್ರಸಂಗಕ್ಕೂ ಇಲ್ಲೇ ವಸ್ತು ಇದೆ. ತಿರುವಾಂಕೂರಿನ ಕ್ರೈಸ್ತರ ಹಳೆಯ ಕಾಯ್ದೆಯಲ್ಲಿ, ವಿಲ್ ಬರೆಯದೆ ಅಪ್ಪ ತೀರಿಕೊಂಡರೆ ಮಗಳಿಗೆ ಸಿಗುತ್ತಿದ್ದದ್ದು ಮಗನ ಪಾಲಿನ ಕಾಲು ಭಾಗ ಅಥವಾ 5000 ರೂಪಾಯಿ, ಯಾವುದು ಕಡಿಮೆಯೋ ಅದು. ಕೇರಳದ ಮೇರಿ ರಾಯ್ ಅದರ ವಿರುದ್ಧ ಸುಪ್ರೀಂ ಕೋರ್ಟಿನವರೆಗೆ ಹೋಗಿ 1986ರಲ್ಲಿ ಗೆದ್ದರು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮಗಳಿಗೂ ಸಮಪಾಲು ಎಂದಾಯಿತು. ನಮ್ಮ ಎಷ್ಟು ಮನೆಗಳಲ್ಲಿ ಇಂದಿಗೂ "ಮದುವೆಗೆ ಚಿನ್ನ ಹಾಕಿದ್ದೇವಲ್ಲ" ಎಂಬ ಮಾತಿನಲ್ಲಿ ಆ ಪಾಲು ಮುಗಿದುಹೋಗುತ್ತದೆ ಅಂತ ನಿಮಗೇ ಗೊತ್ತು.

ಪ್ರಸಂಗ ಮಾಡುವವರು ಯಾರು? ಆ ಹಿರಿಯರ ಜೊತೆ ವಾದಕ್ಕೆ ಇಳಿಯಬೇಡಿ, ಆದರೆ ತಿಳಿದುಕೊಂಡಿರಿ. ಅವರು ತೋರಿಸುತ್ತಿರುವುದು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 14ನೇ ಅಧ್ಯಾಯ ಇರಬೇಕು. ಅದೇ ಪತ್ರಿಕೆಯ 11ನೇ ಅಧ್ಯಾಯದಲ್ಲಿ ಹೆಂಗಸರು ಪ್ರಾರ್ಥಿಸುವಾಗ, ಪ್ರವಾದಿಸುವಾಗ ತಲೆಗೆ ಮುಸುಕಿರಲಿ ಎಂದು ಪೌಲ ಹೇಳುತ್ತಾನೆ. ಬಾಯಿ ತೆರೆಯದವರಿಗೆ ಆ ನಿಯಮ ಯಾಕೆ ಬೇಕಿತ್ತು? ರೋಮಾಪುರದವರಿಗೆ ಬರೆದದ್ದರ ಕೊನೆಯ ಅಧ್ಯಾಯ ತೆಗೆಯಿರಿ. ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆಯ ಹೆಸರಿನಿಂದಲೇ ಅದು ಶುರು, ಮುಂದೆ ಪ್ರಿಸ್ಕ, ಮರಿಯ, ಆಮೇಲೆ ರೂಫನ ತಾಯಿ. ಆಕೆ ನನಗೂ ತಾಯಿ ಎನ್ನುತ್ತಾನೆ ಪೌಲ. ಹೆತ್ತವರು ಮಾತ್ರ ಎದ್ದು ನಿಲ್ಲಿ ಅನ್ನುವವರು ಇದನ್ನೂ ಓದಬೇಕು.

ಅದಕ್ಕಿಂತ ಸುಲಭದ ಉತ್ತರ ನಿಮ್ಮ ಸಭೆಯ ಬೋರ್ಡಿನಲ್ಲೇ ಇದೆ: ಸಿ.ಎಸ್.ಐ. ಈ ಸಭಾಮಂಡಲಿ 1976ರಲ್ಲೇ ಎಲಿಜಬೆತ್ ಪಾಲ್ ಅವರಿಗೆ ಗುರುದೀಕ್ಷೆ ಕೊಟ್ಟಿತು, 2013ರಲ್ಲಿ ನಂದ್ಯಾಲಕ್ಕೆ ಪುಷ್ಪಲಲಿತಾ ಅವರನ್ನು ಬಿಷಪ್ ಮಾಡಿತು. ಹೆಣ್ಣು ಬಿಷಪ್ ಆದ ಮಂಡಲಿಯಲ್ಲಿ ಹೆಣ್ಣು ಪ್ರಸಂಗಪೀಠದ ಮೂರು ಮೆಟ್ಟಿಲು ಹತ್ತಬಾರದು ಎಂದರೆ ಕಷ್ಟ. ಇಷ್ಟನ್ನು ಸಭಾಪಾಲಕರ ಬಾಯಿಂದ ಕಮಿಟಿಯಲ್ಲಿ ಹೇಳಿಸಿ, ನೀವು ಹೇಳಬೇಡಿ. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಇದೆ, ಅಲ್ಲಿ ವಿಚಾರಿಸಿದರೆ ಪ್ರಸಂಗಕ್ಕೆ ಬರುವ ಹೆಣ್ಣುಮಗಳೊಬ್ಬಳು ಸಿಕ್ಕಾಳು. ನನ್ನ ಮನಸ್ಸು ಮಾತ್ರ ಹೊರಗಿನವರಿಗಿಂತ ನಿಮ್ಮವರೇ ಇಬ್ಬರು ಏಳೇಳು ನಿಮಿಷ ಮಾತಾಡಲಿ ಅನ್ನುತ್ತದೆ. ಕೈ ನಡುಗಿದರೆ ನಡುಗಲಿ. ವಿರೋಧಿಸಿದ ಹಿರಿಯರಿಗೂ ಒಂದು ಕೆಲಸ ಕೊಡಿ, ಹನ್ನಳ ಭಾಗ ಅವರೇ ಓದಲಿ.

ಸೀರೆಯ ಬಣ್ಣದ ಬಗ್ಗೆ ನಾನು ತೀರ್ಪು ಕೊಡುವುದಿಲ್ಲ, ಮನೆಯಲ್ಲಿ ಇದ್ದದ್ದನ್ನು ಉಡಬಹುದು ಅಂತ ಮಾತ್ರ ಹೇಳಿ. ಎಂಟುನೂರು ರೂಪಾಯಿ ಹೊಂದಿಸಲಾಗದೆ ಹಾಡಿನ ಗುಂಪಿನಿಂದ ಹಿಂದೆ ಸರಿದವರನ್ನು ನಾನು ಕಂಡಿದ್ದೇನೆ. ಕಾಣಿಕೆ ಚೀಲ ಹಿಡಿಯುವುದು, ಬಾಗಿಲಲ್ಲಿ ನಿಲ್ಲುವುದು, ಮೈಕ್ ನೋಡಿಕೊಳ್ಳುವುದು ಎಲ್ಲ ಹೆಂಗಸರೇ ಮಾಡಲಿ. ಅಡುಗೆ ಮಾತ್ರ ಬೇಡ. ಅವತ್ತು ಪಲಾವೂ ಕೋಳಿ ಸುಕ್ಕವೂ ಗಂಡಸರ ಪಾಲು, ಹಂಡೆ ತೊಳೆಯುವುದೂ ಸೇರಿ. ಉಪ್ಪು ಹೆಚ್ಚಾದರೆ ಸುಮ್ಮನೆ ತಿನ್ನಿ.

ಕೊನೆಗೆ, ನೀವು ಎಲ್ಲರೂ ಒಪ್ಪಿದ್ದಾರೆ ಅಂತ ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋದದ್ದು. ದೇವಾಲಯ ಗುಡಿಸುವ ಅಮ್ಮನಿಗೆ ಸೀರೆ. ಎಲ್ಲರೂ ಒಪ್ಪಿದ್ದು ಯಾಕೆಂದರೆ ಅದರಲ್ಲಿ ಯಾರಿಗೂ ಖರ್ಚಿಲ್ಲ. ಆಕೆಗೆ ತಿಂಗಳಿಗೆ ಎಷ್ಟು ಸಿಗುತ್ತದೆ? ಎಷ್ಟು ವರ್ಷದಿಂದ ಅಷ್ಟೇ ಇದೆ? ಸಂಬಳದ ಪುಸ್ತಕದಲ್ಲಿ ಆಕೆಯ ಹೆಸರಿದೆಯೋ, ಗಂಡನ ಹೆಸರಿದೆಯೋ? ಗುಡಿಸುವವಳು ಹೆಂಡತಿ, ಸಹಿ ಹಾಕಿ ಇಸಕೊಳ್ಳುವವನು ಗಂಡ, ಹೀಗೆ ಇಪ್ಪತ್ತು ವರ್ಷ ನಡೆದದ್ದನ್ನು ನಾನು ಒಂದು ಕಡೆ ನೋಡಿದ್ದೇನೆ. ಅವತ್ತು ಆರಾಧನೆಯ ಗಂಟೆ ಹೊಡೆಯಲು ಆಕೆಯನ್ನು ಕರೆಯಿರಿ, ಚೆನ್ನಾಗಿರುತ್ತದೆ. ಅದಕ್ಕೆ ಮುಂಚೆ, ಮುಂದಿನ ಕಮಿಟಿ ಸಭೆಗೆ ಕೂಟದ ಕಡೆಯಿಂದ ಒಂದು ಅರ್ಜಿ ಬರೆಯಿರಿ: ಇಂಥ ತಿಂಗಳಿನಿಂದ ಸಂಬಳ ಇಷ್ಟು, ಆಕೆಯ ಹೆಸರಿಗೆ, ಆಕೆಯ ಬ್ಯಾಂಕ್ ಖಾತೆಗೆ. ಕೆಳಗೆ ಕೂಟದವರೆಲ್ಲ ಸಹಿ ಹಾಕಿ. ಅತ್ತೆಯವರದ್ದೂ ಇರಲಿ.