ಕಾಟಾದ ಪಟ್ಟಿಯಲ್ಲಿ ನಿಮ್ಮ ಟ್ರೇಲರಿನ ತೂಕ ಎಷ್ಟಿದೆ?

ನಮ್ಮದು ರೋಣ ಸೀಮೆಯ ಎರೆ ಹೊಲ, ಮಳೆ ನಂಬಿದ ಬೇಸಾಯ. 2025ರ ಫೆಬ್ರುವರಿ ಕೊನೆಗೆ ನನ್ನ ಮತ್ತು ತಮ್ಮನ ಹೊಲದ ಕಡಲೆ ಒಟ್ಟುಗೂಡಿಸಿ ಟ್ರ್ಯಾಕ್ಟರಿನಲ್ಲಿ ಮಾರಾಟಕ್ಕೆ ಒಯ್ದೆವು. ಕೊಳ್ಳುವವರು ಚೀಲ ಒಂದೊಂದೇ ತೂಗಲಿಲ್ಲ. ಟ್ರೇಲರ್ ಸಮೇತ ಕಾಟಾ ಮಾಡಿಸಿಕೊಂಡು ಬರ್ರಿ ಎಂದರು. ಮಾಡಿಸಿದೆವು. ಭರ್ತಿ ತೂಕ 7480 ಕಿಲೋ, ಖಾಲಿ ತೂಕ 3560, ನಿವ್ವಳ 3920 ಎಂದು ಚೀಟಿ ಬಂತು.

ಚೀಟಿ ಮಡಚಿ ಕಿಸೆಗೆ ಹಾಕಿದೆ. ನನ್ನ ಮಗ ಅದನ್ನು ತೆಗೆದು ನೋಡಿ, "ಅಪ್ಪಾ, ಇನ್ನೂ ಮಾಲು ಇಳಿಸೇ ಇಲ್ಲ, ಖಾಲಿ ತೂಕ ಎಲ್ಲಿಂದ ಬಂತು?" ಅಂದ. ನನಗೆ ಹೊಳೆದೇ ಇರಲಿಲ್ಲ. ಮಾಲು ಇಳಿಸಿದ ಮೇಲೆ ಅವನ ಹಟಕ್ಕೆ ಮತ್ತೆ ಅದೇ ಕಾಟಾದ ಮೇಲೆ ಖಾಲಿ ಗಾಡಿ ಹತ್ತಿಸಿದೆವು. 3440 ತೋರಿಸಿತು. ಅಂದರೆ 120 ಕಿಲೋ ಕಡಲೆ ಚೀಟಿಯಲ್ಲೇ ಕರಗಿತ್ತು. ಆ ಹಂಗಾಮಿನ ಬೆಂಬಲ ಬೆಲೆ ಕ್ವಿಂಟಾಲಿಗೆ 5650 ರೂಪಾಯಿ ಹಿಡಿದರೂ 6780 ರೂಪಾಯಿ.

ಕಾಟಾದ ಹುಡುಗ ಮೋಸಗಾರನಲ್ಲ. ಗಾಬರಿಯಾಗಿ ಚೀಟಿ ಬದಲಿಸಿ ಕೊಟ್ಟ. ಆಗಿದ್ದು ಇಷ್ಟೆ: ಎರಡು ವರ್ಷದ ಹಿಂದೆ ನನ್ನ ಟ್ರ್ಯಾಕ್ಟರಿಗೆ ಬೀಗರ ದೊಡ್ಡ ಟ್ರೇಲರ್ ಕಟ್ಟಿಕೊಂಡು ಅಲ್ಲಿಗೆ ಹೋಗಿದ್ದೆ. ಆಗಿನ ಖಾಲಿ ತೂಕವನ್ನು ಯಂತ್ರ ನನ್ನ ಟ್ರ್ಯಾಕ್ಟರಿನ ನಂಬರಿನ ಮುಂದೆ ಬರೆದಿಟ್ಟುಕೊಂಡಿತ್ತು. ಈ ಸಲ ನಂಬರ್ ಒತ್ತಿದ ಕೂಡಲೆ ಅದನ್ನೇ ಕೊಟ್ಟಿತು. ಲಾರಿಗೆ ಈ ಪದ್ಧತಿ ಬಹಳ ಮಟ್ಟಿಗೆ ನಡೆದೀತು, ಅದರ ಡಬ್ಬಿ ಅದರ ಮೇಲೇ ಇರುತ್ತದೆ. ನಮ್ಮದು ಹಾಗಲ್ಲ. ಇವತ್ತು ನಮ್ಮ ಟ್ರೇಲರ್, ನಾಳೆ ಮಗ್ಗುಲಮನೆಯವರದು. ಟ್ರ್ಯಾಕ್ಟರಿನ ನಂಬರ್ ಮಾತ್ರ ಒಂದೇ.

"ಮುಂದಿನ ವಾರ ಮುದ್ರೆಗಿಂತ ಮೊದಲು ರಿಪೇರಿಯವ ಬರ್ತಾನ್ರೀ ಕಾಕಾ, ನೋಡಾಕ ಬರ್ರಿ" ಅಂದ ಆ ಹುಡುಗ. ಹೋದೆ. ಏಳನೇ ಇಯತ್ತೆ ಓದಿದವನಿಗೆ ತಿಳಿದಷ್ಟನ್ನು ಬರೆಯುತ್ತಿದ್ದೇನೆ.

ಕಾಟಾದ ಹಾಸಿನ ಕೆಳಗೆ ಉಕ್ಕಿನ ಗುಂಡುಗಳಂಥವು ಇವೆ, ಲೋಡ್ ಸೆಲ್ ಎನ್ನುತ್ತಾರೆ. ಭಾರ ಬಿದ್ದಾಗ ಉಕ್ಕು ಕಣ್ಣಿಗೆ ಕಾಣದಷ್ಟು ಕುಗ್ಗುತ್ತದೆ, ಅದಕ್ಕೆ ಅಂಟಿಸಿದ ತಂತಿಯಲ್ಲಿ ಕರೆಂಟಿನ ಅಳತೆ ಬದಲಾಗುತ್ತದೆ. ಒಳಗಿನ ಇಂಡಿಕೇಟರ್ ಅದನ್ನು ಕಿಲೋ ಮಾಡಿ ತೋರಿಸುತ್ತದೆ. ಈ ಲೆಕ್ಕದ ಭಾಗಕ್ಕೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೀಳುತ್ತದೆ, 12 ತಿಂಗಳಿಗೊಮ್ಮೆ. 10 ಕಿಲೋ ಹೆಜ್ಜೆಯ ಕಾಟಾಕ್ಕೆ ಮುದ್ರೆ ಹಾಕುವಾಗ 5 ಟನ್‌ವರೆಗೆ 5 ಕಿಲೋ, ಮುಂದೆ 20 ಟನ್‌ವರೆಗೆ 10 ಕಿಲೋ ಹೆಚ್ಚುಕಡಿಮೆ ಒಪ್ಪುತ್ತಾರೆ. ಬಳಕೆಯಲ್ಲಿದ್ದಾಗ ಅದರ ಎರಡರಷ್ಟು. ಹಾಗಾಗಿ ನನ್ನ 120 ಕಿಲೋ ತೂಗುವ ತಪ್ಪಲ್ಲ, ಬರೆದಿಟ್ಟಿದ್ದರ ತಪ್ಪು. (ಇಂಥ ಕಾಟಾದ ಮೇಲೆ 200 ಕಿಲೋಕ್ಕಿಂತ ಕಡಿಮೆ ತೂಗಬಾರದು. ಎರಡು ಚೀಲ ಹೆಸರು ಒಯ್ದು ನಿಲ್ಲಿಸಬೇಡಿ.)

ಇಂಡಿಕೇಟರಿನಲ್ಲೇ ಇನ್ನೊಂದು ಭಾಗವಿದೆ. ಅದು ನಮ್ಮ ಸಾಹುಕಾರರ ವಹಿ ಇದ್ದಂತೆ. ಒಂದು ವಹಿಯಲ್ಲಿ ಗಾಡಿ ನಂಬರ್ ಮತ್ತು ಖಾಲಿ ತೂಕ, ಇನ್ನೊಂದರಲ್ಲಿ ಕೊಟ್ಟ ಚೀಟಿಗಳ ನಂಬರ್, ದಿನಾಂಕ, ತೂಕ. ಡೇಟಾಬೇಸ್ ಅಂದರೆ ಇದೇ. ತೂಕದ ಲೆಕ್ಕ ತಿದ್ದಬೇಕೆಂದರೆ ಮುದ್ರೆ ಒಡೆಯಬೇಕು. ಅಲ್ಲಿದ್ದ ಯಂತ್ರದಲ್ಲಿ ಈ ವಹಿ ತಿದ್ದಲು ಯಾವ ಮುದ್ರೆಯೂ ಅಡ್ಡ ಇರಲಿಲ್ಲ! ಅಂದರೆ ಗೋಡೆಗೆ ತೂಗುಹಾಕಿದ ಸರಕಾರಿ ಸರ್ಟಿಫಿಕೇಟು ನಿಜವಿದ್ದರೂ ಚೀಟಿ ಸುಳ್ಳಾಗಬಹುದು.

ರಿಪೇರಿಯ ಹುಡುಗ ಇಂಡಿಕೇಟರಿನ ಬೆನ್ನಿಗೆ ಒಂಬತ್ತು ಕಡ್ಡಿಯ ಸೀರಿಯಲ್ ಕೇಬಲ್ ಚುಚ್ಚಿ ತನ್ನ ಕಂಪ್ಯೂಟರಿಗೆ ಜೋಡಿಸಿದ. ಒಳಗೆ ಕೆಲಸಕ್ಕೆ ಬರುವುದು ಮೂರೇ ತಂತಿ: ಕಳಿಸಲು ಒಂದು, ಪಡೆಯಲು ಒಂದು, ಎರಡೂ ಕಡೆಗೆ ಸಮನಾದ ಗ್ರೌಂಡಿಗೆ ಒಂದು. ಮೊದಲು ಪರದೆಯ ಮೇಲೆ ಹುಳ ಹರಿದಾಡಿದಂಥ ಅಕ್ಷರ ಬಂದವು. ಎರಡೂ ಕಡೆ ವೇಗ ಒಂದೇ ಇರಬೇಕಂತೆ. ಕಂಪ್ಯೂಟರಿನಲ್ಲಿ 9600 ಎಂದು ಬದಲಿಸಿದ ಮೇಲೆ ಸರಿಹೋಯಿತು. ಆಳಿಗೆ ಹೇಳಿದ ಹಾಗೆ ಒಂದು ಅಕ್ಷರ ಬರೆದು ಎಂಟರ್ ಒತ್ತಿದರೆ ಯಂತ್ರ ಉತ್ತರ ಕೊಡುತ್ತದೆ. ಆಜ್ಞೆಗಳು ಕಂಪನಿಗೊಂದು ಥರ. ಮೆಟ್ಲರ್ ಟೊಲೆಡೊ ಪದ್ಧತಿಯಲ್ಲಿ 'ಎಸ್' ಎಂದರೆ ಅಲುಗಾಟ ನಿಂತ ಮೇಲಿನ ತೂಕ ಹೇಳು, 'ಎಸ್‌ಐ' ಎಂದರೆ ಈಗ ಇದ್ದಷ್ಟು ಹೇಳು, 'ಝಡ್' ಎಂದರೆ ಸೊನ್ನೆ ಮಾಡು. ಉತ್ತರದಲ್ಲಿ ಎರಡನೆಯ ಅಕ್ಷರ 'ಎಸ್' ಇದ್ದರೆ ತೂಕ ನಿಂತಿದೆ, 'ಡಿ' ಇದ್ದರೆ ಗಾಡಿ ಇನ್ನೂ ಅಲುಗುತ್ತಿದೆ ಎಂದರ್ಥ. ಬೇರೆ ಯಂತ್ರಕ್ಕೆ ಅದರ ಜೊತೆ ಬಂದ ಪುಸ್ತಕವೇ ಗತಿ. ನಮ್ಮ ಕಾಟಾದವರು ಆ ಪುಸ್ತಕದ ಮೇಲೆ ಚಹಾದ ಕಪ್ಪು ಇಡುತ್ತಿದ್ದರು.

ವಹಿಗೂ ಬೇರೆ ಆಜ್ಞೆಗಳಿವೆ: ಓದು, ಬರೆ, ಅಳಿಸು. ನಾನು ನನ್ನ ನಂಬರ್ ಅಳಿಸಿಬಿಡು ಅಂದೆ. "ತಡೀರಿ ಕಾಕಾ, ಮೊದಲ ಪೂರಾ ಪಟ್ಟಿ ಇಳಿಸ್ಕೋಬೇಕು" ಅಂದ. ಆ ಯಂತ್ರದಲ್ಲಿ ಒಂದು ಸಾಲು ಅಳಿಸುವ ಆಜ್ಞೆಗೂ ಎಲ್ಲ ಅಳಿಸುವ ಆಜ್ಞೆಗೂ ಬಹಳ ಫರಕಿಲ್ಲ. ಕೈತಪ್ಪಿದರೆ ಕೊಟ್ಟ ಚೀಟಿಗಳ ದಾಖಲೆಯೂ ಹೋದೀತು, ನಾಳೆ ತಕರಾರು ಬಂದರೆ ತೋರಿಸಲು ಏನೂ ಉಳಿಯುವುದಿಲ್ಲ. ಪಟ್ಟಿ ಕಂಪ್ಯೂಟರಿಗೆ ಇಳಿಯಿತು, ಪ್ರಿಂಟೂ ಆಯಿತು. ಅದರಲ್ಲಿ ನನ್ನಂಥ ಟ್ರ್ಯಾಕ್ಟರುಗಳು ಸಾಲುಸಾಲು. ಕೆಲವರದು ಖಾಲಿ ತೂಕ ನಿಜಕ್ಕಿಂತ ಕಡಿಮೆಯೂ ಇದ್ದೀತು, ಅವರಿಗೆ ಲಾಭ, ಕೊಂಡವನಿಗೆ ನಷ್ಟ. ಮಾಲೀಕರು ಒಪ್ಪಿದ ಮೇಲೆ ಟ್ರ್ಯಾಕ್ಟರಿನ ಸಾಲುಗಳನ್ನೆಲ್ಲ ಒಂದೊಂದಾಗಿ ಅಳಿಸಿದ. ಪ್ರತಿ ಸಲವೂ ಅದೇ ನಂಬರನ್ನು ಮತ್ತೆ ಓದು ಎಂದು ಕೇಳಿ, ಇಲ್ಲ ಎಂಬ ಉತ್ತರ ಬಂದ ಮೇಲೆಯೇ ಮುಂದಿನದಕ್ಕೆ ಹೋದ.

ಕಾಟಾ ಮಾಡಿಸುವಾಗ ನೀವು ನೋಡಬೇಕಾದದ್ದು ಚೀಟಿಯ ಮೇಲಿನ ಸಮಯ. ಭರ್ತಿಗೂ ಖಾಲಿಗೂ ಒಂದೇ ಸಮಯ ಇದ್ದರೆ, ಅಥವಾ ಖಾಲಿಯ ಮುಂದೆ ಸಮಯವೇ ಇಲ್ಲದಿದ್ದರೆ, ಆ ತೂಕ ವಹಿಯಿಂದ ಬಂದದ್ದು. ಖಾಲಿ ಗಾಡಿ ತೂಗಿಸಿ ಎಂದು ಕೇಳಿ, ಇನ್ನೊಂದು ಚೀಟಿಗೆ ದುಡ್ಡು ಕೊಟ್ಟರೂ ನಷ್ಟವಿಲ್ಲ. ಎರಡೂ ಸಲ ಡ್ರೈವರ್ ಮೇಲೆ ಇರಲಿ, ಇಲ್ಲವೆ ಎರಡೂ ಸಲ ಇಳಿಯಲಿ. ಭರ್ತಿ, ಖಾಲಿ ತೂಕಗಳ ನಡುವೆ ಡೀಸೆಲ್ ಹಾಕಿಸಬೇಡಿ: 50 ಲೀಟರ್ ಅಂದರೆ 40 ಕಿಲೋ ಮೇಲಾಯಿತು, ಅಷ್ಟು ಕಾಳು ನಿಮ್ಮ ಲೆಕ್ಕದಿಂದ ಹೋಗುತ್ತದೆ. ಹತ್ತಿಸುವ ಮೊದಲು ಸೊನ್ನೆ ತೋರಿಸುತ್ತಿದೆಯೇ ಎಂದು ಒಳಗೆ ಇಣುಕಿ ನೋಡಲು ನಾಚಿಕೆ ಬೇಡ.

ಹೆಸರಿನ ಸುಗ್ಗಿಗೆ ಮತ್ತೆ ಅಲ್ಲಿಗೇ ಹೋಗಿದ್ದೆ. ನಂಬರ್ ಒತ್ತಿದರೆ ಖಾಲಿ ತೂಕ ಬರಲಿಲ್ಲ. ಮಾಲು ಇಳಿಸಿ ಬಂದು ಹತ್ತಿಸಿದಾಗ 3460. ಅದೇ ಟ್ರ್ಯಾಕ್ಟರ್, ಅದೇ ಟ್ರೇಲರ್, ಮತ್ತೆ 20 ಕಿಲೋ ಎಲ್ಲಿಂದ ಬಂತೆಂದು ಕೆಳಗಿಳಿದು ನೋಡಿದೆ. ಹಿಂದಿನ ರಾತ್ರಿ ಮಳೆಯಾಗಿತ್ತು, ಗಾಲಿಗೆಲ್ಲ ನಮ್ಮ ಎರೆ ಮಣ್ಣು ಮೆತ್ತಿಕೊಂಡಿತ್ತು.