ಯಾಕೋಬನು ಮೊದಲೇ ಹೇಳಿಟ್ಟನು

ಆದಿಕಾಂಡ 47ರಲ್ಲಿ ಯಾಕೋಬನು ಸಾಯುವ ಮೊದಲೇ ಯೋಸೇಫನನ್ನು ಕರೆದು, ತನ್ನನ್ನು ಐಗುಪ್ತದಲ್ಲಿ ಹೂಣಿಡಬಾರದೆಂದು ಪ್ರಮಾಣ ಮಾಡಿಸಿಕೊಂಡನು. ನಮ್ಮಪ್ಪ ಏನೂ ಹೇಳಿರಲಿಲ್ಲ. ಅವರು ವೆಂಟಿಲೇಟರ್‌ನಲ್ಲಿದ್ದಾಗ ಐಸಿಯು ಬಾಗಿಲಲ್ಲೇ ನಾನೂ ಅಣ್ಣನೂ ಜಗಳ ಆಡಿದ್ವಿ.

ಲಿವಿಂಗ್ ವಿಲ್ ಬರೆಯೋದು ಅವಿಶ್ವಾಸ ಅಲ್ವಾ ಪಾಸ್ಟರ್ ಅಂತ ಕೇಳ್ತೀರಿ. ಅಲ್ಲ. ಸಾವನ್ನು ಬೇಡೋದಲ್ಲ ಇದು. ಗುಣವಾಗುವ ದಾರಿಯೇ ಇಲ್ಲದಾಗ ಯಾವ ಚಿಕಿತ್ಸೆ ಬೇಡ ಅಂತ ಹೇಳಿಡೋದು. ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನು ಒಪ್ಪಿತು, 2023ರಲ್ಲಿ ಸರಳ ಮಾಡಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ನಿಮ್ಮ ಪರವಾಗಿ ನಿರ್ಧರಿಸುವವರ ಹೆಸರೂ ಅದರಲ್ಲಿರಬೇಕು. ಆಮೇಲೂ ವೈದ್ಯರ ಎರಡು ಮಂಡಳಿಗಳು ನೋಡಿ ಒಪ್ಪಬೇಕು. ಮನಸ್ಸು ಬದಲಾದರೆ ಬರೆದುಕೊಟ್ಟು ರದ್ದು ಮಾಡಬಹುದು.

ನಾನು ಕಳೆದ ತಿಂಗಳು ಬರೆದೆ. ಹೆಂಡತಿ ಹೆಸರಿನ ಜೊತೆ ಅಣ್ಣನ ಹೆಸರನ್ನೂ ಹಾಕಿದ್ದೀನಿ.